ಉಡಿ ಒಡ್ಡಿ ನಿಂತ ದೈತ್ಯೆ

ನಿನ್ನೆ ಟ್ರಂಕಿನ ತಳದಲ್ಲಿ ಗುಳೇದಗುಡ್ಡದ ಒಂದು ಕುಪ್ಪಸದ ಖಣ ಸಿಕ್ಕಿತು. ಹೊಲಿಸದೇ ಉಳಿದದ್ದು. ಮಡಿಚಿದ್ದನ್ನು ಬಿಚ್ಚಿದರೆ ಒಂದಿಷ್ಟು ಅಕ್ಕಿ ಕಾಳು ಉದುರಿದವು, ಅದರ ಹಿಂದೆಯೇ ಅರಿಷಿಣ, ಹಳೇ ಬೆಲ್ಲ, ನುಸಿ ಗುಳಿಗೆ ಎಲ್ಲ ಕೂಡಿದ ಒಂದು ವಾಸನೆ... ತವರಿನಿಂದ ಹೊರಡುವಾಗ ವೈನಿ ಉಡಿ ತುಂಬುತ್ತ ನನ್ನ ಸೆರಗಿನ ಮಡಿಲಿಗೆ ಅಕ್ಕಿಯ ಜೊತೆ ಹಾಕಿದ್ದ ಖಣ ಅದು. ಆ ವಾಸನೆಗೆ ಕಣ್ಣೀರು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನನಗಿಂತ ಒಂದೇ ವರ್ಷ ದೊಡ್ಡವಳು. ಅವ್ವನ ಹೆದರಿಕೆಗೆ ಅವಳನ್ನು ‘ರಿ’ ಹಚ್ಚಿ ಮಾತಾಡಿಸುತ್ತಿದ್ದೆ. ಈಗ ಅವ್ವನೂ ಇಲ್ಲ, ಇದನ್ನು ಹೇಳುವಾಗ ಹಚ್ಚುವುದಿಲ್ಲ.

ಇಳಕಲ್ಲಿನಲ್ಲಿ ನಮ್ಮದು ಮುಂದೆ ಸೀರೆ ಅಂಗಡಿ, ಹಿಂದೆ ಮನೆ. ವೈನಿ ಬಂದು ವರ್ಷ ತುಂಬುವುದರೊಳಗೆ ಇಡೀ ಮನೆ ಅವಳ ಕಡೆ ವಾಲಿತ್ತು. ನನ್ನ ರೊಟ್ಟಿಯನ್ನು ದಪ್ಪ ಅಂತ ಸರಿಸುತ್ತಿದ್ದ ಅಪ್ಪ ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದ. ಅವಳು ಒಳಗೆ ನಕ್ಕರೆ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದ ಗಿರಾಕಿಗೂ ನಗು ಬರುತ್ತಿತ್ತು. ನಾನು ಹಾಲು ಹಾಕಿ ಬೆಳೆಸಿದ ಬೆಕ್ಕು ಕೂಡ ಅವಳ ಕಾಲಿಗೆ ಸುತ್ತತೊಡಗಿತು. ಸುಮ್ಮನಿರುವವಳೂ ಅಲ್ಲ, ‘ನೋಡ, ನಿನ್ನ ಬೆಕ್ಕಿಗೆ ನಿನ್ನಕಿಂತ ಬುದ್ಧಿ ಐತಿ’ ಅನ್ನುತ್ತಿದ್ದಳು.

ನನ್ನದು ಅಂತ ಉಳಿದದ್ದು ಕಂಪ್ಯೂಟರ್ ಒಂದೇ. ಅಂಗಡಿಯ ಬಿಲ್ಲಿಗೆಂದು ಅಣ್ಣ ತಂದಿದ್ದ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಿ.ಎ. ಮುಗಿಸಿ ಬಂದು ಮನೆಯಲ್ಲಿ ಕೂತಿದ್ದೆ. ಮಧ್ಯಾಹ್ನ ಅಂಗಡಿಗೆ ಜನ ಕಡಿಮೆ, ಆಗ ಕಂಪ್ಯೂಟರ್ ನನ್ನ ಪಾಲಿಗೆ. ಕಾಲೇಜಿನ ಗೆಳತಿಯೊಬ್ಬಳು ಕೊಟ್ಟ ಸಿ.ಡಿ.ಯಲ್ಲಿ ಒಂದು ಗೇಮ್ ಇತ್ತು. ಗುಡ್ಡ, ಕಾಡು, ಹೊಳೆ, ಹಾಳು ಕೋಟೆ... ಎಲ್ಲಿಗೆ ಬೇಕಾದರೂ ಕುದುರೆ ಓಡಿಸಬಹುದು, ಎಲ್ಲಿಗೆ ಹೊಂಟಿ ಅಂತ ಕೇಳುವವರಿಲ್ಲ.

ಆ ಲೋಕದಲ್ಲಿ ದೈತ್ಯರು ಅಡ್ಡಾಡುತ್ತಿದ್ದರು. ಇವತ್ತು ಹೊಳೆದಂಡೆಗೆ ಕಂಡವನು ನಾಳೆ ಗುಡ್ಡದ ಆಚೆ. ಒಬ್ಬೊಬ್ಬನಿಗೆ ಒಂದೊಂದು ಹುಚ್ಚು ಚಾಳಿ. ಒಬ್ಬ ದಾರಿಯಲ್ಲಿ ಸಿಕ್ಕ ಕುರಿಗಳನ್ನೆಲ್ಲ ಎತ್ತಿ ಹೆಗಲ ಮೇಲೆ ಇಟ್ಟುಕೊಳ್ಳುತ್ತಿದ್ದ, ಅವು ಒದರಿದರೆ ತಾನೇ ಗಾಬರಿಯಾಗುತ್ತಿದ್ದ. ಮತ್ತೊಬ್ಬ ಸೇತುವೆ ಕಂಡರೆ ಕೂಸಿನ ಹಾಗೆ ಹಟ ಹಿಡಿದು ನಿಲ್ಲುತ್ತಿದ್ದ. ಇನ್ನೊಬ್ಬನಿಗೆ ಬಲಕ್ಕೆ ತಿರುಗಲು ಬರುತ್ತಲೇ ಇರಲಿಲ್ಲ. ಅವನನ್ನು ಕೆರೆಯ ಸುತ್ತ ಸುತ್ತಿಸಿ ಸುತ್ತಿಸಿ ಕೆಸರಿಗೆ ಕೆಡವಿದ ದಿನ ಅಣ್ಣ ‘ಶಾಭಾಸ್’ ಅಂದ. ಆ ಶಾಭಾಸ್ ನನ್ನದು, ಅದರಲ್ಲಿ ವೈನಿಗೆ ಪಾಲಿರಲಿಲ್ಲ.

ಹೀಗೆ ಎಲ್ಲರನ್ನೂ ಕೆಡವುತ್ತ ಬಂದೆ. ಕಡೆಗೆ ಉಳಿದವಳು ಒಬ್ಬ ದೈತ್ಯೆ. ಮೈತುಂಬ ಬೂದಿ ಬಣ್ಣದ ಬಟ್ಟೆ, ಅದರ ಸೆರಗಿನಂಥ ತುದಿಯನ್ನು ಹೊಟ್ಟೆಯ ಮುಂದೆ ಎತ್ತಿ ಹಿಡಿದೇ ನಡೆಯುತ್ತಿದ್ದಳು. ನೆಲದ ಮೇಲಿನ ಕಲ್ಲುಗಳನ್ನು ಆರಿಸಿ ಆರಿಸಿ ಅದರಲ್ಲಿ ತುಂಬುವಳು. ನಾನು ಹತ್ತಿರ ಹೋದರೆ ಅವೇ ಕಲ್ಲು ಬೀಸುವಳು. ಕಲ್ಲು ಮುಗಿದವು ಅನ್ನುವಷ್ಟರಲ್ಲಿ ಬಗ್ಗಿ ಮತ್ತೆ ತುಂಬಿಕೊಂಡಿರುತ್ತಿದ್ದಳು. ಬಾಣ, ಬೆಂಕಿ, ಉರುಳು, ಯಾವುದಕ್ಕೂ ಜಗ್ಗಲಿಲ್ಲ. ಅಷ್ಟರಲ್ಲಿ ಕುಳಗೇರಿ ಕ್ರಾಸಿನ ಟೈರ್ ಅಂಗಡಿಯವರ ಮನೆಯ ಹುಡುಗನ ಜೊತೆ ನನ್ನ ಮದುವೆ ಗೊತ್ತಾಯಿತು. ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹೋಗುವುದರೊಳಗೆ ಇವಳನ್ನು ಕೆಡವಲೇಬೇಕು ಅಂತ ಹಟ ಹತ್ತಿತು. ವೈನಿ ಎಲ್ಲವನ್ನೂ ಇಟ್ಟುಕೊಳ್ಳಲಿ, ಇದೊಂದು ಗೆಲುವು ಈ ಮನೆಯಲ್ಲಿ ನನ್ನ ಹೆಸರಿಗೆ ಉಳಿಯಲಿ.

ಒಂದು ಮಧ್ಯಾಹ್ನ ವೈನಿ ಗಿರ್ಮಿಟ್ಟಿನ ತಾಟು ಹಿಡಿದು ಬಂದು ನನ್ನ ಹಿಂದೆ ನಿಂತಳು. ಸ್ವಲ್ಪ ಹೊತ್ತು ನೋಡಿದಳು.

‘ಅಯ್ಯ, ಅಕಿ ಉಡಿ ಒಡ್ಡ್ಯಾಳ ನೋಡ. ಬರೇ ಕಲ್ಲ ತುಂಬ್ಕೊಂಡ ತಿರಗಾಕತ್ತಾಳ. ಯಾರೂ ಉಡಿ ತುಂಬಿಲ್ಲೇನ ಪಾಪ?’

‘ಅದು ಉಡಿ ಅಲ್ರಿ ವೈನಿ, ಕಲ್ಲಿನ ಚೀಲ’ ಅಂದೆ, ಹಲ್ಲು ಕಚ್ಚಿ.

ಅದೇ ಹೊತ್ತಿಗೆ ಮದುವೆ ಕುಪ್ಪಸದ ಅಳತೆಗೆ ಟೇಲರ್ ಬಾಯಿ ಬಂದಳು, ಅವ್ವ ಒಳಗೆ ಕರೆದಳು. ಅಳತೆ ಕೊಟ್ಟು ಬರುವಷ್ಟರಲ್ಲಿ ಮೌಸು ವೈನಿಯ ಕೈಯಲ್ಲಿತ್ತು. ಆಟದೊಳಗಿನ ನನ್ನ ಗಂಟು ಬಿಚ್ಚಿ, ನಾನು ಕೂಡಿಸಿಟ್ಟ ಗೋಧಿ, ಹಣ್ಣು, ಬಟ್ಟೆ, ಕುರಿ ಹೊರುವ ದೈತ್ಯನನ್ನು ಗೆದ್ದಾಗ ಸಿಕ್ಕ ಬೆಳ್ಳಿ ಬಟ್ಟಲು ಎಲ್ಲ ದಾರಿಯಲ್ಲಿ ಸಾಲಾಗಿ ಇಟ್ಟಿದ್ದಳು. ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು ಅನ್ನುವುದಷ್ಟೇ ಅವಳ ತಲೆಯಲ್ಲಿದ್ದದ್ದು. ಹುಚ್ಚಿ, ನನ್ನ ಗಳಿಕೆಯನ್ನೆಲ್ಲ ರಾಕ್ಷಸಿಗೆ ಸುರಿದಳು ಅಂತ ಬಾಯಿ ತೆಗೆದೆ...

ದೈತ್ಯೆ ಬಗ್ಗಿದಳು. ಒಂದೊಂದನ್ನೇ ಎತ್ತಿ ಉಡಿಗೆ ಹಾಕಿಕೊಂಡಳು. ಉಡಿಯಲ್ಲಿ ಜಾಗ ಸಾಲದೆ ಕಲ್ಲುಗಳು ದಬದಬ ಉರುಳಿ ಬಿದ್ದವು. ನಾಕು ಹೆಜ್ಜೆ ನಡೆದು, ಒಂದು ಗುಡ್ಡಕ್ಕೆ ಬೆನ್ನು ಹಚ್ಚಿ, ಕಾಲು ಚಾಚಿ ಕೂತುಬಿಟ್ಟಳು. ಉಡಿಯಲ್ಲಿನ ಸಾಮಾನುಗಳನ್ನು ಒಂದೊಂದಾಗಿ ನೋಡತೊಡಗಿದಳು. ಅಷ್ಟು ದಿನ ಬೆನ್ನು ಹತ್ತಿದ ನಾನು ಅವಳು ಕೂತದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಅಂಗಡಿಯಿಂದ ಅಣ್ಣ ಬಂದ, ಅಪ್ಪ ಬಂದ. ಕಂಪ್ಯೂಟರಿನ ಕಡೆ ಕಣ್ಣೆತ್ತಿ ನೋಡದ ಅವ್ವ ಕಣ್ಣಿಗೆ ಚಾಳೀಸು ಹಾಕಿಕೊಂಡು ಬಂದಳು. ‘ನನ್ನ ಸೊಸಿ ರಾಕ್ಷಸಿನೂ ಕುಂದ್ರಿಸ್ಯಾಳ’ ಅಂತ ಸಂಜೆಯೊಳಗೆ ಓಣಿಗೆಲ್ಲ ಹೇಳಿ ಬಂದಳು. ನಾನು ಕೆಡವಿದ ಅಷ್ಟೂ ದೈತ್ಯರ ಸುದ್ದಿ ನಮ್ಮ ಹೊಸ್ತಿಲು ದಾಟಿರಲಿಲ್ಲ.

‘ಈಗ ಹೊಡಿ, ಬಿದ್ದಳು’ ಅಂದ ಅಣ್ಣ.

‘ಉಡಿ ತುಂಬಿಸ್ಕೊಂಡಾಕಿನ್ನ ಹೊಡಿತಾರೇನ್ರಿ?’ ಅಂತ ಅವನಿಗೇ ಜೋರು ಮಾಡಿ, ಮೌಸು ನನ್ನ ಕಡೆ ಸರಿಸಿ, ವೈನಿ ಎದ್ದು ಹೋದಳು.

ಕೂತ ದೈತ್ಯೆಯ ಪಾದ ನನ್ನ ಕತ್ತಿಗೆ ಎಟುಕುವಷ್ಟು ಹತ್ತಿರವಿತ್ತು. ಒಂದೇ ಏಟು ಸಾಕಿತ್ತು. ಆದರೆ ಆ ಗೆಲುವು ಯಾರದಾಗುತ್ತಿತ್ತು? ನಾನು ಹೊಡೆಯಲಿಲ್ಲ. ಹಿಂದಿನ ದಿನ ಸೇವ್ ಮಾಡಿದ್ದ ಆಟವನ್ನು ತೆರೆದು, ದೈತ್ಯೆಯನ್ನು ಮತ್ತೆ ಎಬ್ಬಿಸಿ, ಉಡಿ ತುಂಬ ಕಲ್ಲು ಕೊಟ್ಟು ನಿಲ್ಲಿಸಿದೆ. ಅರಿಷಿಣ ಹಚ್ಚುವ ದಿನದವರೆಗೂ ಕಾದಾಡಿದೆ. ಅವಳು ಬೀಳಲಿಲ್ಲ. ಉಡಿ ತುಂಬುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ.

ಗಂಡನ ಮನೆಗೆ ಹೊರಟ ದಿನ ದೇವರ ಕೋಣೆಯ ಮುಂದೆ ವೈನಿ ಮಣೆ ಹಾಕಿದಳು. ನನಗೆ ಅವಳ ಕೈಯಿಂದ ಏನೂ ಬೇಡವಾಗಿತ್ತು. ಅಷ್ಟು ಹೆಂಗಸರ ನಡುವೆ ಬಿಗಿದು ನಿಂತೇ ಇದ್ದೆ. ವೈನಿ ಹತ್ತಿರ ಬಂದು ಕಿವಿಯಲ್ಲಿ ಅಂದಳು: ‘ಕುಂದ್ರು ನಮ್ಮ ದೈತ್ಯವ್ವ. ಉಡಿಯಾಗಿನ ಕಲ್ಲ ಮದಲ ಚೆಲ್ಲು, ಇಲ್ಲಾಂದ್ರ ಅಕ್ಕಿ ಎಲ್ಲಿ ಹಾಕ್ಲಿ?’

ಮೈಯೆಲ್ಲ ಉರಿಯಿತು. ನನ್ನ ಹೊಟ್ಟೆಕಿಚ್ಚೂ ಅವಳಿಗೆ ಮೊದಲೇ ಗೊತ್ತಿತ್ತಲ್ಲ! ಅದನ್ನಾದರೂ ನನ್ನದಾಗಿ ಬಿಡಬಾರದಿತ್ತೇ... ಕೂತೆ. ಸೆರಗು ಒಡ್ಡಿದೆ.

ಆಮೇಲೆ ತವರಿಗೆ ಹೋದಾಗಲೆಲ್ಲ ಹೊರಡುವ ಹೊತ್ತಿಗೆ ಅದೇ ಮಣೆ, ಅದೇ ಮಾತು. ‘ಕಲ್ಲ ಚೆಲ್ಲಿದೇನ?’ ಅನ್ನುವಳು. ‘ಇಲ್ರಿ’ ಅನ್ನುವೆ. ‘ಹಂಗಾರ ಮುಂದಿನ ಸಲ ಬಾ’ ಅಂತ ನಕ್ಕು ಅಕ್ಕಿ ಹಾಕುವಳು. ಬಸ್ಸು ಹುನಗುಂದ ದಾಟುವವರೆಗೂ ನನಗೆ ಸಿಟ್ಟು ಇರುತ್ತಿತ್ತು. ದಾಟಿದ ಮೇಲೆ ಮುಂದಿನ ಸಲ ಯಾವಾಗ ಅಂತ ಲೆಕ್ಕ ಹಾಕುತ್ತಿದ್ದೆ.

ಹೋದ ವರ್ಷ ವೈನಿ ಹೋದಳು. ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ತಂದಾಗ ಮುತ್ತೈದೆಯ ಕಡೆಯ ಉಡಿ ತುಂಬಲು ಹೆಂಗಸರ ಸಾಲು ಓಣಿಯ ತುದಿಯವರೆಗೆ ನಿಂತಿತ್ತು. ಸಾಲಿನಲ್ಲಿ ನಿಂತು, ನಾನು ಸತ್ತರೆ ಇದರ ಅರ್ಧ ಜನವಾದರೂ ಬರುತ್ತಾರೆಯೇ ಅಂತ ನೋಡಿದೆ. ಖರೆ ಹೇಳುತ್ತೇನೆ, ಅಲ್ಲಿಯೂ ಹೊಟ್ಟೆ ಉರಿಯಿತು. ನನ್ನ ಸರದಿ ಬಂದಾಗ ಅವಳ ಉಡಿಯಲ್ಲಿ ಜಾಗವೇ ಇರಲಿಲ್ಲ. ಅಕ್ಕಿ ನನ್ನ ಬೆರಳ ಸಂದಿಯಿಂದ ಚಾಪೆಯ ಮೇಲೆ ಬಿತ್ತು.

ಮೊನ್ನೆ ತವರಿಗೆ ಹೋಗಿದ್ದೆ. ಹೊರಡುವ ಹೊತ್ತಿಗೆ ಬ್ಯಾಗು ಹಿಡಿದು ದೇವರ ಕೋಣೆಯ ಮುಂದೆ ನಿಂತೆ. ಮಣೆ ಗೋಡೆಗೆ ಒರಗಿತ್ತು. ಅಣ್ಣ ಹೊರಗೆ ಗಾಡಿ ಚಾಲೂ ಮಾಡಿ, ‘ಬಸ್ಸಿಗೆ ಹೊತ್ತಾತು, ಬಾರವಾ’ ಅಂದ. ಇನ್ನೊಂದು ಗಳಿಗೆ ನಿಂತು ನೋಡಿ ಹೊರಗೆ ಬಂದೆ.

ಉದುರಿದ ಅಕ್ಕಿ ಕಾಳುಗಳನ್ನು ಆರಿಸಿ, ಖಣದಲ್ಲಿ ಹಾಗೇ ಮಡಿಚಿ ಟ್ರಂಕಿಗೆ ಇಟ್ಟಿದ್ದೇನೆ. ಹೊಲಿಸುವುದಿಲ್ಲ.

ಕಲ್ಲ ಇನ್ನೂ ಚೆಲ್ಲಿಲ್ರಿ ವೈನಿ. ಕುಂದ್ರು ಅನ್ನಾಕ ಒಮ್ಮೆ ಬರ್ರಿ.