ಪಕ್ಕದ ಮನೆಯ ಪೆಂಟಿಯಂ

ವಡೋದರಾ ಹತ್ತಿರದ ಕೊಯಾಲಿ ರಿಫೈನರಿ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಮೆಹ್ತಾ ಆಗಷ್ಟೇ ಹೊಸದಾಗಿ ಬಂದಿದ್ದ ಪೆಂಟಿಯಂ ಪ್ರೊಸೆಸರಿನ ಕಂಪ್ಯೂಟರ್ ತಂದ ಮೇಲೆ ನನಗೂ ಅದೇ ಬೇಕೆನಿಸಿತು. ಅಂಗಡಿಯ ವಿಳಾಸ ಕೊಟ್ಟವರೂ ಅವರೇ. ಹೆಂಡತಿಯನ್ನು ಕರೆದುಕೊಂಡು ವಡೋದರಾಕ್ಕೆ ಹೋದೆ.

ಅಂಗಡಿಯ ರಸಿಕಭಾಯಿ ಚಹಾ ಕೊಟ್ಟು, "ಮನೆಯಲ್ಲಿ ಅದರಿಂದ ಏನು ಕೆಲಸ ಸಾಹೇಬ್?" ಎಂದು ಹಿಂದಿಯಲ್ಲಿ ಕೇಳಿದರು.

"ಲೆಕ್ಕಪತ್ರ, ಟೈಪಿಂಗು..." ಎಂದು ನಾನು ರಾಗ ಎಳೆದೆ.

"ಇಸ್ಪೀಟು ಆಡ್ತಾರೆ," ಎಂದಳು ಹೆಂಡತಿ, ಅವರಿಗೂ ಅರ್ಥವಾಗಲೆಂದು ಹಿಂದಿಯಲ್ಲೇ.

ರಸಿಕಭಾಯಿ ಹಳೆಯ, ಅಗ್ಗದ 486 ಪ್ರೊಸೆಸರಿನ ಕಂಪ್ಯೂಟರ್ ಮತ್ತು ಪೆಂಟಿಯಂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನನ್ನಿಂದ ಇಸ್ಪೀಟು ಆಡಿಸಿದರು. ಎರಡರಲ್ಲೂ ಸೋತೆ.

"ನೋಡಿ, ಸೋಲೋದಕ್ಕೆ 486 ಧಾರಾಳವಾಯ್ತು."

"ಆದರೆ ಮನೆಗೆ ಬಂದವರು ನೋಡಿದರೆ..." ಎಂದು ಗೊಣಗಿದೆ.

ಅವರು ನಗಲಿಲ್ಲ. ಡ್ರಾಯರಿನಿಂದ ಪೆಂಟಿಯಂ ಎಂದು ಬರೆದ ಸ್ಟಿಕ್ಕರೊಂದನ್ನು ತೆಗೆದು 486ರ ಹಣೆಗೆ ಅಂಟಿಸಿದರು. "ಒಳಗಿರೋದು ನಿಮಗೆ, ಇದು ಬಂದವರಿಗೆ."

ಅದನ್ನೇ ಕೊಂಡು ಮನೆಗೆ ತಂದೆವು. ಸಂಜೆಯೇ ಮೆಹ್ತಾ ನೋಡಲು ಬಂದರು. ಸ್ಟಿಕ್ಕರನ್ನು ಬೆರಳಿನಿಂದ ಮೆಲ್ಲಗೆ ಸವರಿದರು, ನನ್ನ ಮುಖ ನೋಡಿದರು. "ರಸಿಕಭಾಯಿ ಬಹಳ ಒಳ್ಳೆಯ ಮನುಷ್ಯ, ಅಲ್ವಾ?" ಎಂದರು.

ಆಮೇಲೆ ನಾವು ಅಲ್ಲಿದ್ದಷ್ಟು ದಿನವೂ ಅವರ ಕಂಪ್ಯೂಟರಿನ ವೇಗವನ್ನು ನಾನು, ನನ್ನದರ ವೇಗವನ್ನು ಅವರು, ನಾಲ್ಕು ಜನರೆದುರು ತಪ್ಪದೆ ಹೊಗಳಿದೆವು.