ಆಯಿಲ್ ಪೈಪಿಗೆ ಕಟ್ಟಿದ ನಿಂಬೆಹಣ್ಣು

ನಮ್ಮ ಹೊಸ ಎಟಿವಿ ಗಾಡಿ ಕೆಟ್ಟಿತು ಅನ್ನುವುದಕ್ಕಿಂತ, ಅದು ಕೆಟ್ಟಿದ್ದು ನಮ್ಮ ಅವ್ವ ಕಟ್ಟಿದ ದಾರದಿಂದ ಎಂದು ಸರ್ವಿಸ್ ಸೆಂಟರಿನವನು ಹೇಳಿದನಲ್ಲ, ಅದು ನನ್ನ ಹೊಟ್ಟೆ ಉರಿಸಿದ್ದು. ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ವಿಲೆ ಪಾರ್ಲೆಯ ಕಾರ್ಗೋ ಆಫೀಸಿನ ಕೆಲಸ ಬಿಟ್ಟ ಮೇಲೆ ಆ ಗಾಡಿ ಕೊಂಡೆ. ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್, ಮರಳಿನಲ್ಲೂ ಓಡುತ್ತದೆ. ಗೊರಾಯಿ ಕಡೆಯ ಒಂದು ರೆಸಾರ್ಟಿನವರು ತಮ್ಮ ಮೈದಾನದಲ್ಲಿ ಗಿರಾಕಿಗಳನ್ನು ಕೂಡಿಸಿಕೊಂಡು ಸುತ್ತು ಹೊಡೆಸಲು ಜಾಗ ಕೊಟ್ಟಿದ್ದರು. "ಈ ವಯಸ್ಸಿನ್ಯಾಗ ಆಟಿಗಿ ಸಾಮಾನ ತಂದೀರೇನು?" ಎಂದು ಹೆಂಡತಿ ನಕ್ಕಳು. ಅವ್ವ ಮಾತ್ರ ಕೆಳಗಿಳಿದು ಬಂದು, ಗಾಡಿಯನ್ನು ಒಂದು ಸುತ್ತು ಹಾಕಿ, "ಛಲೋ ಐತಿ. ಹೋರಿ ಕಂಡಂಗ ಕಾಣತೈತಿ" ಎಂದಳು.

ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಯಾರೇ ಹೊಸ ಗಾಡಿ ತಂದರೂ ಅವ್ವನಿಗೆ ಕರೆ ಬರುತ್ತಿತ್ತು. ಮರಾಠಿಯವರು, ಗುಜರಾತಿಯವರು, ಹೋಟೆಲು ನಡೆಸುವ ಉಡುಪಿಯವರು, ಎಲ್ಲರೂ "ಆಜಿ, ಜರಾ ಯಾ ನಾ", ಅಜ್ಜಿ ಸ್ವಲ್ಪ ಬನ್ನಿ ಎಂದು ಬಾಗಿಲು ಬಡಿಯುವವರೇ. ಅವ್ವ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ಕರಿದಾರ ತೆಗೆದುಕೊಂಡು ಹೋಗಿ, ಏನೋ ಗೊಣಗುತ್ತ ದೃಷ್ಟಿಗೆಂದು ಕಟ್ಟಿ ಬರುತ್ತಿದ್ದಳು. ಆಜಿಯ ಕೈಗುಣ ಒಳ್ಳೆಯದು ಎಂಬ ಮಾತು ಲಿಫ್ಟಿನಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಅವ್ವನಿಗೆ ಇದ್ದ ಒಂದೇ ಹೆಮ್ಮೆ ಅದು.

ನಮ್ಮ ಗಾಡಿಗೆ ಕಟ್ಟುವಾಗ ಜಾಗ ಸಿಗಲಿಲ್ಲ. ಹ್ಯಾಂಡಲಿಗೆ ಕಟ್ಟಿದರೆ ನನ್ನ ಕೈಗೆ ತೊಡಕು, ಕೆಳಗೆ ಕಟ್ಟಿದರೆ ಕೆಸರು. ಮುಂದಿನ ಕಂಬಿಗಳ ಹಿಂದೆ ಒಂದು ಕಪ್ಪು ರಬ್ಬರ್ ಪೈಪು ಕಂಡಿತು. ಅವ್ವ ಅದಕ್ಕೇ ಬಿಗಿದಳು. ಎಂಜಿನ್ನಿನ ಆಯಿಲ್ ತಣ್ಣಗಾಗಲು ಓಡಾಡುವ ಪೈಪು ಅದೇ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ತಿಂಗಳು ತುಂಬುವಷ್ಟರಲ್ಲಿ ಒಂದು ಭಾನುವಾರ ಸುಟ್ಟ ವಾಸನೆ ಬಂತು. ನೋಡಿದರೆ ಬಂದ ದಾರಿಯುದ್ದಕ್ಕೂ ಆಯಿಲ್ ಸುರಿದಿದೆ. ಪುಣ್ಯಕ್ಕೆ ಎಂಜಿನ್ ಬೇಗ ಬಂದ್ ಮಾಡಿದೆ. ಟೆಂಪೋಗೆ ಹೇರಿಕೊಂಡು ಕುರ್ಲಾದ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಸೂಪರ್ವೈಜರ್ ಬಗ್ಗಿ ನೋಡಿ, ಒಣಗಿದ ನಿಂಬೆಹಣ್ಣನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ.

"ಅಂಕಲ್, ಪೈಪ್ ಪೆ ನಿಂಬೂ-ಮಿರ್ಚಿ? ಇಸೀಸೆ ಪೈಪ್ ಕಟಾ ಹೈ" ಎಂದು ನಕ್ಕ. ಗಾಡಿಗೆ ನೀವೇ ಏನೇನೋ ಕಟ್ಟಿದ ಮೇಲೆ ವಾರಂಟಿ ಸಿಗುವುದಿಲ್ಲ ಎಂದೂ ಹೇಳಿದ.

ನೂಲಿನ ದಾರ ರಬ್ಬರನ್ನು ಕೊಯ್ಯುತ್ತದೇನಯ್ಯಾ ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಜಗಳಕ್ಕೆ ಬಿದ್ದೆ. ಗೋಡೆಗೆ ಹೇಳಿದಂತಾಯಿತು. ಮರುದಿನ ಹೋಗಿ ಬಿಚ್ಚಿದ ಹಳೆಯ ಪೈಪು ತೋರಿಸು ಎಂದರೆ ಆಗಲೇ ಗುಜರಿಗೆ ಹೋಯಿತು ಎಂದ. ಕಂಪನಿಗೆ ಫೋನು ಹಚ್ಚಿದರೆ ಬರೀ ಸಂಗೀತ. ಕೊನೆಗೆ ಕೈಯಿಂದಲೇ ಖರ್ಚು ಹಾಕಿ ಹೊಸ ಪೈಪು ಹಾಕಿಸಿದೆ.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡುವಾಗ ಅವ್ವ ಒಳಗಿನ ಕೋಣೆಯಲ್ಲಿ ಇದ್ದಾಳೆಂಬ ಖಬರೇ ನನಗಿರಲಿಲ್ಲ. ಬಾಗಿಲಿಗೆ ಬಂದು ನಿಂತಳು.

"ನಾ ಕಟ್ಟಿದ್ದಕ್ಕ ಆತೇನು?"

"ಹುಚ್ಚರವ್ವಾ ಅವರು. ಅವರ ಮಾತು ತಲ್ಯಾಗ ಇಟ್ಕೋಬ್ಯಾಡ."

ಇಟ್ಟುಕೊಂಡಳು. ಮುಂದಿನ ವಾರ ಎದುರು ಮನೆಯ ಹುಡುಗಿ ಹೊಸ ಸ್ಕೂಟರ್ ತಂದು ಬಾಗಿಲು ಬಡಿದಾಗ, ಮೊಣಕಾಲು ನೋಯುತ್ತಿದೆ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದಳು. ಅವತ್ತೇ ಬೆಳಿಗ್ಗೆ ಅದೇ ಮೊಣಕಾಲಿನಲ್ಲಿ ಸ್ಟೇಷನ್ನಿನ ತನಕ ನಡೆದು ಸೊಪ್ಪು ತಂದಿದ್ದಳು. ಆಮೇಲೆ ಕರೆಯಲು ಬಂದವರಿಗೂ ಅದೇ ಉತ್ತರ. ಬರಬರುತ್ತ ಯಾರೂ ಕರೆಯದಾದರು. ನನಗೆ ಗಾಡಿಯ ಚಿಂತೆ ಹೋಗಿ ಇದೇ ಚಿಂತೆ ಹತ್ತಿತು. ಆ ಮಾತು ಸುಳ್ಳೆಂದು ಹೇಗಾದರೂ ತೋರಿಸಬೇಕಿತ್ತು.

ಹೊಸ ಪೈಪಿನ ಗಾಡಿಗೆ ಯಾರೂ ಏನೂ ಕಟ್ಟಲಿಲ್ಲ. ಅವ್ವ ಅದರ ಹತ್ತಿರವೂ ಸುಳಿಯಲಿಲ್ಲ. ಕೆಲವು ತಿಂಗಳು ಚೆನ್ನಾಗಿಯೇ ಓಡಿತು. ಒಂದು ಶನಿವಾರ ಗಿರಾಕಿಗಳು ಬರುವ ಮೊದಲು ಒಬ್ಬನೇ ಸುತ್ತು ಹೊಡೆಯುತ್ತಿದ್ದೆ. ಕೆಂಪು ದೀಪ ಹತ್ತಿತು, ಎಂಜಿನ್ ಕಿರ್ರೆಂದಿತು, ಗಾಡಿ ನಿಂತೇಬಿಟ್ಟಿತು. ಆಯಿಲ್ ಇಲ್ಲದೆ ಎಂಜಿನ್ ಬಿಗಿದು ಸೀಜ್ ಆಗಿತ್ತು. ಕೊಂಡು ವರ್ಷವೂ ಆಗಿಲ್ಲ! ಮತ್ತೆ ಅದೇ ಟೆಂಪೋ, ಅದೇ ಕುರ್ಲಾ.

ಈ ಸಲ ನಾನು ಗಾಡಿಯ ಮಗ್ಗುಲಿನಿಂದ ಕದಲಲಿಲ್ಲ. ನನ್ನ ಕಣ್ಣೆದುರೇ ಬಿಚ್ಚಿಸಿದೆ. ಪೈಪು ಒಳಗಡೆ ಸೈಲೆನ್ಸರಿಗೆ ತಾಗಿ ತಾಗಿ ಸುಟ್ಟು ತೂತು ಬಿದ್ದಿತ್ತು. ಈ ಪೈಪಿಗೆ ದಾರವೇ ಕಟ್ಟಿರಲಿಲ್ಲ, ಹೋದ ಸಲ ಅವ್ವ ಕಟ್ಟಿದ್ದೂ ಮುಂದಿನ ಕಡೆಗೆ. ಹೋದ ಸಲವೂ ಇಲ್ಲೇ ಹೋಗಿತ್ತಲ್ಲವಾ ಎಂದು ಕೇಳಿದೆ. ಸೂಪರ್ವೈಜರನ ಮುಖ ಇಳಿಯಿತು. ಏನೋ ಗೊಣಗಿದ. ಜೋರಾಗಿ ಹೇಳು ಎಂದೆ.

"ಹಾಂ ಅಂಕಲ್. ಗಲ್ತಿ ಫಿಟ್ಟಿಂಗ್ ಕೀ ಹೈ. ಧಾಗೇ ಕೀ ನಹೀಂ."

ತಪ್ಪು ದಾರದ್ದಲ್ಲ! ಎಂಜಿನ್ ಹಾಳಾಗಿ ಎದುರಿಗೇ ಬಿದ್ದಿದೆ, ರಜೆಯ ಗಿರಾಕಿಗಳೆಲ್ಲ ಕೈಬಿಟ್ಟು ಹೋಗುತ್ತಾರೆ, ಆದರೂ ನನಗೆ ಕುಣಿಯುವಷ್ಟು ಖುಷಿಯಾಯಿತು. ಅಲ್ಲಿಂದಲೇ ಮನೆಗೆ ಫೋನು ಮಾಡಿ ಅವ್ವನ ಕೈಗೆ ಕೊಡಿಸಿದೆ.

"ಅವ್ವಾ, ಗಾಡಿ ಮತ್ತ ಕೆಟ್ಟಿತು! ಈ ಸಲ ಎಂಜಿನ್ನ ಹೋತು!" ಎಂದು ಒದರಿದೆ. ಸರ್ವಿಸ್ ಸೆಂಟರಿನವರೆಲ್ಲ ತಿರುಗಿ ನೋಡಿದರು. "ನಿನ್ನ ದಾರದಿಂದ ಅಲ್ಲವ್ವಾ. ಕಂಪನಿಯವರ ತಪ್ಪು. ಅವರ ಬಾಯಿಂದನ ಹೇಳಿಸೀನಿ."



"ಈ ಸಲ ನಾ ಏನೂ ಕಟ್ಟಿರಲಿಲ್ಲಲ್ಲೋ" ಎಂದಳು ಅವ್ವ. "ಹಂಗ ಬಿಟ್ಟುಬಿಟ್ಟೆ. ಅದಕ್ಕ ಎಂಜಿನ್ನ ಹೋತು. ತಪ್ಪು ನಂದ."

"ಅಲ್ಲವ್ವಾ, ಪೈಪು..." ಎನ್ನುವಷ್ಟರಲ್ಲಿ ಅವಳು ಫೋನು ಸೊಸೆಯ ಕೈಗೆ ಕೊಟ್ಟಾಗಿತ್ತು.