ತೇಗದ ದೋಣಿಗೆ ಏನು ಬಳಿಯುವುದು?

ಇಂದು ಬೆಳಿಗ್ಗೆ ಅಂಗಳ ಗುಡಿಸಿದೆ, ದೋಸೆಗೆ ಅಕ್ಕಿ ನೆನೆಹಾಕಿದೆ, ಅತ್ತೆಯವರ ಮಂಡಿಗೆ ಹರಳೆಣ್ಣೆ ತಿಕ್ಕಿದೆ, ಅಂಗೈಯಲ್ಲಿ ಮಿಕ್ಕಿದ್ದನ್ನು ಪರೀಕ್ಷೆಗಿಟ್ಟ ತೇಗದ ಹಲಗೆಯ ಮೂರನೇ ಚೌಕಕ್ಕೆ ಒರೆಸಿದೆ, ಮಹಡಿಯ ಮೇಲೆ ಸಂಡಿಗೆ ಮಗುಚಿದೆ, ಹಲಗೆಯ ಮೇಲೆ ಒಂದು ಚೊಂಬು ನೀರು ಸುರಿದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಅಜ್ಜಂಪುರದ ಸೀಮೆಯಲ್ಲಿ ಈ ಹಲಗೆಯ ಕೆಲಸ ಇರುವುದು ನನಗೊಬ್ಬಳಿಗೇ ಎಂದು ಧೈರ್ಯವಾಗಿ ಹೇಳಬಲ್ಲೆ. ಏಕೆಂದರೆ ದೋಣಿ ಇರುವುದೂ ನಮ್ಮೊಬ್ಬರ ಮನೆಯಲ್ಲೇ.

ಅದು ಬಂದದ್ದು ಅತ್ತೆಯವರ ಒಂದು ಮಾತಿನಿಂದ. ನಲವತ್ತು ವರ್ಷ ಊರ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆದವರು ಅವರು. ದೀಪಾವಳಿಗೆ ಕೆರೆ ತುಂಬಿದಾಗ, “ಆ ನೀರಿನ ನಡೂಕೆ ನಿಂತ್ರೆ ನಮ್ಮೂರು ಹೆಂಗೆ ಕಾಣುತ್ತೋ, ಒಂದ್ಸಲ ನೋಡ್ಬೇಕು ಕಣೋ ಸಿದ್ದೇಶ” ಎಂದರು. ತರೀಕೆರೆ ಕಡೆಯ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಹೊಸ ಫೈಬರ್ ದೋಣಿ ತಂದುಕೊಂಡಿದ್ದರು. ಅವರ ಹಳೆಯದನ್ನು ನಮ್ಮವರು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದರು. ಅಂದೇ ತಾಯಿಯನ್ನು ಕೂರಿಸಿದ್ದರೆ ನನಗೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ದೋಣಿಯ ಹೊಟ್ಟೆಗೆ ಡಾಂಬರು ಬಳಿದಿತ್ತು, ಅದರ ತಂಟೆಗೆ ನಾವು ಹೋಗಲಿಲ್ಲ. ಆದರೆ ಕೂರುವ ಹಲಗೆ, ಅಂಚಿನ ಪಟ್ಟಿಗಳೆಲ್ಲ ತೇಗ. ಮರಳುಕಾಗದದಲ್ಲಿ ಉಜ್ಜಿದರೆ ಜೇನಿನ ಬಣ್ಣ ಮೇಲೆದ್ದಿತು. ಇಬ್ಬರಿಗೂ ತಲೆ ಕೆಟ್ಟದ್ದು ಆಗಲೇ. ಇಂಥ ಮರವನ್ನು ಬರಿಮೈಯಲ್ಲಿ ಬಿಡುವುದುಂಟೆ?

ಬೀರೂರಿನ ಬಣ್ಣದಂಗಡಿಗೆ ಹೋದೆವು.

“ಒಳಗಿನ ಬಾಗ್ಲಿಗಾ, ಹೊರಗಿನ ಬಾಗ್ಲಿಗಾ?” ಎಂದ ಅಂಗಡಿಯವನು.

“ಬಾಗ್ಲಿಗಲ್ಲ ಕಣ್ರೀ, ದೋಣಿಗೆ.”

“ದೋಣಿ ಎಲ್ಲಿರುತ್ತೆ?”

“ಕೆರೇಲಿ.”

“ಕೆರೇಲಿ ನೀರಿರುತ್ತಾ?”

ನಮ್ಮವರಿಗೆ ಸಿಟ್ಟು ಬಂತು. ನನಗೆ ಮಾತ್ರ ಅವನು ಜ್ಞಾನಿಯಂತೆ ಕಂಡ. ಸಮುದ್ರದ ದೋಣಿಗೆ ನೀರಿನ ಭಯ, ನಮ್ಮದಕ್ಕೆ ಬಿಸಿಲಿನ ಭಯ. ವರ್ಷಕ್ಕೆ ನಾಲ್ಕು ತಿಂಗಳು ತೇಲಿದರೆ ಎಂಟು ತಿಂಗಳು ದಡದಲ್ಲಿ ಬಿದ್ದು ಕಡೂರು ಸೀಮೆಯ ಬಿಸಿಲು ಕುಡಿಯಬೇಕು. ಹಾಗಾದರೆ ಬಿಸಿಲಿನಲ್ಲೇ ಪರೀಕ್ಷೆ ನಡೆಯಲಿ ಎಂದು ನಾನೇ ಹೇಳಿದೆ. ದೋಣಿಯ ಜೊತೆಗೆ ಬಂದಿದ್ದ ತೇಗದ ಹಲಗೆಯ ತುಂಡೊಂದರ ಮೇಲೆ ನಾಲ್ಕು ಚೌಕ ಬರೆದು ಮಹಡಿಯ ಬಿಸಿಲಿಗಿಟ್ಟೆ. ಒಂದಕ್ಕೆ ವಾರ್ನಿಷ್, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಹರಳೆಣ್ಣೆ, ಕೊನೆಯದಕ್ಕೆ ಏನೂ ಇಲ್ಲ.

ವಾರ್ನಿಷ್ ಚೌಕ ಮೊದಲು ಮುಖ ನೋಡಿಕೊಳ್ಳುವಂತಿತ್ತು. ಎರಡು ತಿಂಗಳಿಗೆ ಗುಳ್ಳೆಯೆದ್ದು ಸಿಪ್ಪೆ ಸುಲಿಯಿತು. ಎಣ್ಣೆಯ ಚೌಕಗಳು ಊರಿನ ಧೂಳನ್ನೆಲ್ಲ ಮೈಗೆ ಹಚ್ಚಿಕೊಂಡವು. ಬರಿಯ ಚೌಕ ನನ್ನ ಕಿವಿಯ ಪಕ್ಕದ ಕೂದಲಿನಂತೆ ಬೂದುಬಣ್ಣಕ್ಕೆ ತಿರುಗಿತು, ಆದರೆ ಒಂದು ಸೀಳೂ ಬಿಡಲಿಲ್ಲ. ತೇಗಕ್ಕೆ ಅದರೊಳಗೇ ಎಣ್ಣೆಯಿದೆಯಂತೆ. ನಾನು ಹುಡುಗಿಯಾಗಿದ್ದಾಗ ರೈಲಿಗೆ ಕಾಯುತ್ತ ಕೂರುತ್ತಿದ್ದ ಮರದ ಬೆಂಚೊಂದು ನೆನಪಾಯಿತು. ಅದಕ್ಕೆ ಯಾರೂ ಏನೂ ಬಳಿದಂತಿರಲಿಲ್ಲ. ಕೂತೆದ್ದವರ ಬಟ್ಟೆಯಿಂದಲೇ ನುಣುಪಾಗಿತ್ತು.

ಇಷ್ಟು ಕಂಡ ಮೇಲೂ “ಇನ್ನೊಂದು ವಾರ ನೋಡೋಣ ರೀ” ಎನ್ನುತ್ತಲೇ ಇದ್ದೆ. ತಾಳ್ಮೆ ನನ್ನ ದೊಡ್ಡ ಗುಣವೆಂದು ನಂಟರೆಲ್ಲ ಹೊಗಳುತ್ತಾರೆ. ಉಪ್ಪಿನಕಾಯಿಗೆ ಅದು ಒಳ್ಳೆಯದೇ. ಕೆರೆ ಮಾತ್ರ ಕಾಯುವುದಿಲ್ಲ. ದೋಣಿ ಬಂದಾಗ ನೀರಿನ ಮೇಲೆ ಮೂರು ಮೆಟ್ಟಿಲು ಕಾಣುತ್ತಿದ್ದವು. ಶಿವರಾತ್ರಿ ಕಳೆಯುವ ಹೊತ್ತಿಗೆ ಹನ್ನೊಂದಾದವು. ಅದನ್ನು ಎಣಿಸುತ್ತಿದ್ದವರು ಅತ್ತೆ.

ಇಂದು ಅವರು ಮಹಡಿಯ ಮೆಟ್ಟಿಲ ಕೆಳಗೆ ನಿಂತು ಕೂಗಿದರು. “ಏನೇ, ನಿನ್ನ ಹಲಗೆ ಪಾಸಾಗೋದ್ರೊಳಗೆ ಕೆರೆ ಬತ್ತೋಗುತ್ತೆ ಕಣೇ! ಆಮೇಲೆ ನನ್ನ ಹೂಳಲ್ಲಿ ಎಳ್ಕೊಂಡು ತಿರುಗ್ತೀರಾ?”

“ಇನ್ನೂ ಏನೂ ಬಳ್ದಿಲ್ವಲ್ಲ ಅತ್ತೆ, ಬರೀ ಮರ.”

“ಮರಾನೇನು ಹೆಣ್ಣು ನೋಡಕ್ಕೆ ಬತ್ತಾರಾ? ನಡೀರಿ.”

ನನಗೆ ನಾಚಿಕೆಯಾಯಿತು. ಸೆರಗು ಸಿಕ್ಕಿಸಿಕೊಂಡು ಹೊರಟೆ. ಕೆಸರಿನಲ್ಲಿ ದೋಣಿ ನೂಕಿ ನೀರಿಗಿಳಿಸುವಷ್ಟರಲ್ಲಿ ನಮ್ಮಿಬ್ಬರಿಗೂ ಏದುಸಿರು ಬಂತು. ಅತ್ತೆ ನನ್ನ ಹೆಗಲು ಹಿಡಿದು, ಹೂಳು ಮೆತ್ತಿದ ಒದ್ದೆ ಕಾಲನ್ನೇ ಕೂರುವ ಹಲಗೆಯ ಮೇಲಿಟ್ಟರು. ಕಾಲು ಕಚ್ಚಿ ನಿಂತಿತು, ಜಾರಲಿಲ್ಲ. ಅಲ್ಲಿ ವಾರ್ನಿಷ್ ಇದ್ದಿದ್ದರೆ ಎಂದು ನೆನೆದು ನಾನು ಅಂಚು ಹಿಡಿದು ಕೂತೆ.

ನಮ್ಮವರು ಬಿದಿರಿನ ಗಳ ಊರುತ್ತ ನಡುನೀರಿಗೆ ತಂದು ನಿಲ್ಲಿಸಿದರು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ದಡವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ, “ಇಷ್ಟೇ ಇಷ್ಟಾ ನಮ್ಮೂರು? ಇಷ್ಟರೊಳಗೇ ನಲವತ್ತು ವರ್ಷ ಅಷ್ಟೊಂದು ಜಗಳ ಆಡಿದ್ವಾ?” ಎಂದು ನಕ್ಕರು.

“ಈ ಹಲಗೆನ ಹಿಂಗೇ ಬಿಟ್ಬಿಡೋಣ ರೀ” ಎಂದೆ.

“ಬೂದುಬಣ್ಣ ಆಗುತ್ತಲ್ಲೇ” ಎಂದು ಇವರು ಕೊರಗಿದರು.

“ಆಗ್ಲಿ ಬಿಡೋ, ನಾವೆಲ್ಲ ಆಗಿಲ್ವಾ?” ಎಂದರು ಅತ್ತೆ.

ಮಧ್ಯಾಹ್ನ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ಅತ್ತೆ ಅರ್ಧ ಮುದ್ದೆ ಹೆಚ್ಚೇ ಉಂಡರು. ಮೊದಲು ನಿದ್ದೆ ಹೋದವರು ನಮ್ಮವರು, ಕೈ ಒರೆಸಿಕೊಂಡ ಟವೆಲು ಎದೆಯ ಮೇಲೇ ಇತ್ತು. ನನಗೂ ಕಣ್ಣು ಎಳೆಯುತ್ತಿದೆ. ಅತ್ತೆ ಮಾತ್ರ ಜಗಲಿಯಲ್ಲಿ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ನಡುನೀರಿನ ಸುದ್ದಿ ಹೇಳುತ್ತಿದ್ದಾರೆ. ಒಂದೊಂದು ಸಲ ಹೇಳುವಾಗಲೂ ಕೆರೆಯ ನೀರು ಒಂದೊಂದು ಅಡಿ ಏರುತ್ತಿದೆ.